ವಿಮಾನವೇರುವ ನಾಯಿ

ಸಾಕಿದ ನಾಯಿಯನ್ನು ವಿಮಾನದಲ್ಲಿ ಕರೆದೊಯ್ಯುವುದು ಕ್ಷೇಮವೆ ಎಂಬುದು, ನೋಡುವುದಕ್ಕೆ, ವಿಚಾರಣೆಯ ಕಿಟಕಿಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ. ಕಿಟಕಿಯ ಆಚೆ ಕುಳಿತವರು ನಾಯಿಯ ತೂಕ ಕೇಳುತ್ತಾರೆ, ಪೆಟ್ಟಿಗೆಯ ಅಳತೆ ಕೇಳುತ್ತಾರೆ, ಚುಚ್ಚುಮದ್ದಿನ ಕಾಗದ ಕೇಳುತ್ತಾರೆ, ದರ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಬೇಕು. ಆದರೆ ಮುಗಿಯುವುದಿಲ್ಲ. ಹಣ ಕಟ್ಟಿ ರಸೀತಿ ಪಡೆದು ಮನೆಗೆ ಬಂದವನ ಎದುರಿಗೆ ಬಾಲವಾಡಿಸುತ್ತ ಬಂದು ನಿಲ್ಲುವ ಪ್ರಾಣಿಯನ್ನು ಕಂಡಾಗ ಇನ್ನೊಂದು ಪ್ರಶ್ನೆ ತಾನಾಗಿ ಏಳುತ್ತದೆ: ಈ ಪ್ರಯಾಣದ ಅಪಾಯವನ್ನು ಇದರ ಪರವಾಗಿ ಒಪ್ಪಿಕೊಳ್ಳುವ ಅಧಿಕಾರ ನನಗೆ ಎಲ್ಲಿಂದ ಬಂತು? ಮೊದಲನೆಯದು ವ್ಯವಹಾರದ ಪ್ರಶ್ನೆ. ಎರಡನೆಯದು ಧರ್ಮದ ಪ್ರಶ್ನೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟು ಸಮಾಧಾನ ಪಡುವುದೇ ನಾವು ಸಾಮಾನ್ಯವಾಗಿ ಮಾಡುವ ಕೆಲಸ.

ಬೆಂಗಳೂರಿನಂಥ ಊರಿನಲ್ಲಿ ಇದು ಈಗ ನಾಲ್ಕು ಮಂದಿ ಸಿರಿವಂತರ ಚಿಂತೆಯಾಗಿ ಉಳಿದಿಲ್ಲ. ಮಗ ಜರ್ಮನಿಗೋ ಮಗಳು ಅಮೆರಿಕಕ್ಕೋ ಹೊರಟ ಮನೆಯಲ್ಲಿ ಸಾಮಾನೆಲ್ಲ ವಿಲೇವಾರಿಯಾದ ಮೇಲೆ ಕೊನೆಗೆ ಉಳಿಯುವುದು ನಾಯಿ. ಸ್ಕೂಟರನ್ನು ಮಾರಬಹುದು, ಪಾತ್ರೆ ಪಡಗವನ್ನು ತಂಗಿಯ ಮನೆಗೆ ಸಾಗಿಸಬಹುದು. ನಾಯಿಯನ್ನು ಏನು ಮಾಡುವುದು? ರೈಲಿನಲ್ಲಾದರೆ ಮೊದಲ ದರ್ಜೆಯ ಕೂಪೆಯನ್ನೇ ಕಾದಿರಿಸಿ ಕಾಲಬುಡದಲ್ಲಿ ಮಲಗಿಸಿಕೊಳ್ಳಬಹುದು. ಅದಾಗದವರು ಗಾರ್ಡಿನ ಡಬ್ಬಿಯ ನಾಯಿಗೂಡಿನಲ್ಲಿ ಬಿಟ್ಟು, ದೊಡ್ಡ ನಿಲ್ದಾಣ ಬಂದಾಗ ಓಡಿಹೋಗಿ ನೀರಿಟ್ಟು, ತಲೆ ಸವರಿ ಬರಬಹುದು. ವಿಮಾನದಲ್ಲಿ ಈ ಓಡಾಟಕ್ಕೆ ಎಡೆಯಿಲ್ಲ. ಪುಟ್ಟ ನಾಯಿಯನ್ನು ಚೀಲದಲ್ಲಿಟ್ಟು ಜೊತೆಯಲ್ಲೇ ಒಯ್ಯಲು ಕೆಲವು ಸಂಸ್ಥೆಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ದೊಡ್ಡ ನಾಯಿಯೆಂದರೆ ವಿಮಾನದ ಹೊಟ್ಟೆಯೇ ಗತಿ. ಒಮ್ಮೆ ಆ ಬಾಗಿಲು ಮುಚ್ಚಿತೆಂದರೆ, ಪ್ರಪಂಚದ ಆಚೆ ತುದಿಯಲ್ಲಿ ಅದು ತೆರೆಯುವವರೆಗೆ ಒಡೆಯನಿಗೂ ನಾಯಿಗೂ ನಡುವೆ ಇರುವುದು ನಂಬಿಕೆ ಮಾತ್ರ.

ಆ ಹೊಟ್ಟೆಯ ವಿಷಯವಾಗಿ ಜನರಲ್ಲಿ ಇಲ್ಲದ ಭಯವೊಂದುಂಟು. ಅಲ್ಲಿ ಗಾಳಿಯಿಲ್ಲ, ಮೈ ಹೆಪ್ಪುಗಟ್ಟುವ ಚಳಿ ಎಂದು ಹೇಳುವವರಿದ್ದಾರೆ. ಪ್ರಾಣಿಗಳನ್ನು ಇಡುವ ಕೋಣೆಯ ಮಟ್ಟಿಗೆ ಇದು ನಿಜವಲ್ಲ. ಮೇಲೆ ಪ್ರಯಾಣಿಕರು ಕುಳಿತಿರುವಲ್ಲಿ ಗಾಳಿಯ ಒತ್ತಡ ಎಷ್ಟೋ ಕೆಳಗೂ ಅಷ್ಟೇ ಇರುತ್ತದೆ. ಶಾಖವನ್ನೂ ಹದದಲ್ಲಿ ಇಡುತ್ತಾರೆ. ಒಳಗೆ ಜೀವಂತ ಪ್ರಾಣಿಯಿದೆಯೆಂದು ವಿಮಾನ ನಡೆಸುವವನಿಗೆ ಮುಂಚಿತವಾಗಿ ತಿಳಿಸುತ್ತಾರೆ. ನಾಯಿ ನಿಲ್ಲಲು, ಸುತ್ತಿ ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ದೊಡ್ಡ ಪೆಟ್ಟಿಗೆಯಿರಬೇಕೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಕತ್ತಲೆ, ಮೊರೆತ, ಒಂಟಿತನ ಇವು ಇದ್ದೇ ಇರುತ್ತವೆ. ಆದರೆ ಹೆಚ್ಚಿನ ಆಪತ್ತು ಕಾದಿರುವುದು ಮುಗಿಲಲ್ಲಲ್ಲ, ನೆಲದ ಮೇಲೆ. ವಿಮಾನ ತಡವಾಗಿ, ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದ ಮೇಲೆ ಗಾಡಿಯಲ್ಲಿ ಪೆಟ್ಟಿಗೆ ಕಾಯುವ ಆ ಅರ್ಧ ಗಂಟೆ. ಒಂದು ವಿಮಾನದಿಂದ ಇಳಿಸಿ ಇನ್ನೊಂದಕ್ಕೆ ಏರಿಸುವಾಗಿನ ಅವಸರ. ಸಡಿಲವಾದ ಚಿಲಕ, ಬೆದರಿ ತಪ್ಪಿಸಿಕೊಂಡು ಓಡಿದ ನಾಯಿ. ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಆ ಭಾಗ್ಯವಿಲ್ಲ. ನಾಲಗೆ ಚಾಚಿ ತೇಕುವುದೊಂದೇ ಅದಕ್ಕೆ ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ಹೆದರಿದ ನಾಯಿ ಇನ್ನಷ್ಟು ತೇಕುತ್ತದೆ, ತೇಕಿದಷ್ಟೂ ದಣಿಯುತ್ತದೆ. ಹಾಗೆಂದು ನಿದ್ದೆಯ ಮದ್ದು ಕೊಟ್ಟು ಮಲಗಿಸೋಣವೆಂದರೆ ಪಶುವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಮದ್ದಿನ ಅಮಲಿನಲ್ಲಿ ಉಸಿರಾಟವೂ ರಕ್ತದ ಒತ್ತಡವೂ ಏರುಪೇರಾದರೆ, ನೋಡಿಕೊಳ್ಳಲು ಪಕ್ಕದಲ್ಲಿ ಯಾರಿರುತ್ತಾರೆ?

ಇನ್ನು ಲೆಕ್ಕದ ಮಾತು. ವಿಮಾನದಲ್ಲಿ ಸತ್ತ, ಗಾಯಗೊಂಡ, ಕಳೆದುಹೋದ ಪ್ರಾಣಿಗಳ ವರದಿಯನ್ನು ವಿಮಾನ ಸಂಸ್ಥೆಗಳು ಸರಕಾರಕ್ಕೆ ಒಪ್ಪಿಸಬೇಕೆಂಬ ಕಟ್ಟಳೆ ಅಮೆರಿಕದಲ್ಲಿ 2005ರಿಂದ ಜಾರಿಯಲ್ಲಿದೆ. ಅಲ್ಲಿನ 2017ರ ವರದಿಯಂತೆ ಆ ವರುಷ ಸಾಗಿಸಿದ ಪ್ರಾಣಿಗಳು 5,06,994, ಸತ್ತವು 24. ಎಂದರೆ ಸುಮಾರು ಇಪ್ಪತ್ತೊಂದು ಸಾವಿರಕ್ಕೆ ಒಂದು. ಇದನ್ನು ಓದಿದವನ ಮನಸ್ಸು ಹಗುರವಾಗುವುದು ಸಹಜ. ಆಗಲಿ, ನಿಜ ಹಗುರವಾಗಿದ್ದರೆ ಅದನ್ನು ಭಾರ ಮಾಡಬೇಕಾದುದಿಲ್ಲ. ಹೆಚ್ಚಿನ ನಾಯಿಗಳು ಸುಖವಾಗಿ ಹೋಗಿ ಇಳಿಯುತ್ತವೆ ಎನ್ನುವುದೇ ಸತ್ಯ.

ಆದರೆ ಸರಾಸರಿಯೆಂಬುದು ಒಂದು ವಿಚಿತ್ರ ವಸ್ತು. ಅದು ಎಲ್ಲರ ವಿಷಯವನ್ನೂ ಹೇಳುತ್ತದೆ, ಯಾರೊಬ್ಬರ ವಿಷಯವನ್ನೂ ಹೇಳುವುದಿಲ್ಲ. ಅದೇ ಅಮೆರಿಕದ ಸರಕಾರ 2010ರಲ್ಲಿ ಹಿಂದಿನ ಐದು ವರುಷಗಳ ಸಾವುಗಳನ್ನು ಜಾತಿವಾರಾಗಿ ವಿಂಗಡಿಸಿ ನೋಡಿತು. ಸತ್ತ ನಾಯಿಗಳು 122. ಅವುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಚಪ್ಪಟೆ ಮೂತಿಯ ಜಾತಿಯವು. ಇಂಗ್ಲಿಷ್ ಬುಲ್‌ಡಾಗ್ ಒಂದೇ 25, ಪಗ್ 11. ಹಾಗಾದರೆ ಇಪ್ಪತ್ತೊಂದು ಸಾವಿರಕ್ಕೆ ಒಂದು ಎಂಬ ಸಮಾಧಾನ ಬೀದಿಯಲ್ಲಿ ಬೆಳೆದ ನೀಳಮೂತಿಯ ನಾಯಿಗೆ ಸಲ್ಲುವಂತೆ ಪಗ್ಗಿಗೆ ಸಲ್ಲುವುದಿಲ್ಲ. ಇದನ್ನು ತಿಳಿದೇ ಹಲವು ಸಂಸ್ಥೆಗಳು ಈ ಜಾತಿಗಳನ್ನು ಸರಕಿನ ಕೋಣೆಯಲ್ಲಿ ಒಯ್ಯಲು ನಿರಾಕರಿಸುತ್ತವೆ.

ಚಪ್ಪಟೆ ಮೂತಿಗೂ ಸಾವಿಗೂ ಏನು ಸಂಬಂಧ? ತಲೆಬುರುಡೆ ಗಿಡ್ಡವಾಯಿತು, ಆದರೆ ಒಳಗಿನ ಮೆದು ಅಂಗುಳು ಅದಕ್ಕೆ ತಕ್ಕಂತೆ ಗಿಡ್ಡವಾಗಲಿಲ್ಲ. ಮೂಗಿನ ಹೊಳ್ಳೆ ಕಿರಿದಾಯಿತು. ತೇಕುವುದೊಂದೇ ತಂಪಿನ ದಾರಿಯಾದ ಪ್ರಾಣಿಗೆ ಆ ದಾರಿಯೇ ಇಕ್ಕಟ್ಟಾಯಿತು. ಇದು ಪ್ರಕೃತಿ ಮಾಡಿದ್ದಲ್ಲ. ಮೂತಿ ಒಳಸೇರಿ ಕಣ್ಣು ದೊಡ್ಡದಾಗಿ ಕಂಡರೆ ಎಳೆಮಗುವಿನ ಮುಖದ ಹಾಗೆ ಮುದ್ದು ಎಂದು, ಗಿಡ್ಡ ಮೂತಿಯದಕ್ಕೆ ಇನ್ನೂ ಗಿಡ್ಡ ಮೂತಿಯದನ್ನು ಕೂಡಿಸುತ್ತ ಬಂದ ಮನುಷ್ಯ ಮಾಡಿದ್ದು. ನಮ್ಮಲ್ಲಿಯೂ 2003ರ ಸುಮಾರಿಗೆ ದೂರವಾಣಿ ಸಂಸ್ಥೆಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆಯುವ ಪಗ್ ಒಂದು ಕಾಣಿಸಿಕೊಂಡಿತು. ಜನ ಮನಸೋತು, ನಾಯಿಯನ್ನು ಆ ಸಂಸ್ಥೆಯ ಹೆಸರಿನಿಂದಲೇ ಕರೆದು, ಮನೆಮನೆಗೆ ತಂದರು. ಚಳಿ ದೇಶದ ಕೋಣೆಯೊಳಗೆ ಬಾಳಬೇಕಾದ ಪ್ರಾಣಿ ರಾಯಚೂರಿನ ಬೇಸಗೆಯಲ್ಲಿ ಗೊರಗೊರ ಉಸಿರೆಳೆಯುವುದನ್ನು ಕೇಳಿ, ‘ಪಾಪ, ಎಷ್ಟು ಚೆನ್ನಾಗಿ ಗೊರಕೆ ಹೊಡೆಯುತ್ತೆ ನೋಡಿ’ ಎಂದು ನಕ್ಕ ಮನೆಗಳೂ ಉಂಟು. ಅದು ಗೊರಕೆಯಲ್ಲ; ಉಸಿರಿಗಾಗಿ ನಡೆಸುತ್ತಿರುವ ಹೆಣಗಾಟ. ವಿಮಾನ ಆ ಹೆಣಗಾಟವನ್ನು ಹುಟ್ಟಿಸುವುದಿಲ್ಲ. ಇದ್ದುದನ್ನು ಸಾವಿನ ಅಂಚಿಗೆ ಒಯ್ಯುತ್ತದೆ, ಅಷ್ಟೆ. ಆದುದರಿಂದ ವಿಮಾನದ ಕ್ಷೇಮದ ಪ್ರಶ್ನೆ ವಿಮಾನ ನಿಲ್ದಾಣದಲ್ಲಿ ಹುಟ್ಟುವುದಿಲ್ಲ. ಮರಿಯನ್ನು ಆರಿಸಿಕೊಂಡ ದಿನವೇ ಹುಟ್ಟಿರುತ್ತದೆ. ಅಂದು ನಮ್ಮ ಕಣ್ಣಿನ ಸುಖವನ್ನು ಅದರ ಉಸಿರಿಗಿಂತ ಮೇಲೆ ಇಟ್ಟವರು, ಇಂದು ವಿಮಾನ ಸಂಸ್ಥೆಯೊಂದನ್ನೇ ದೂರುವುದು ನ್ಯಾಯವಲ್ಲ.

ಇಷ್ಟು ತಿಳಿದ ಮೇಲೆ ಧರ್ಮದ ಪ್ರಶ್ನೆಗೆ ಬರೋಣ. ನನ್ನ ಅಪಾಯವನ್ನು ನಾನು ಒಪ್ಪಿಕೊಳ್ಳುವುದು ಒಂದು ಮಾತು. ವಿಮಾನ ಹತ್ತುವಾಗ ಇಂತಿಷ್ಟು ಅಪಾಯವಿದೆಯೆಂದು ನನಗೆ ಗೊತ್ತು. ಹೋಗುವ ಕೆಲಸವೂ ನನ್ನದೇ. ಮಗುವಿನ ಅಪಾಯವನ್ನು ತಂದೆತಾಯಿ ಒಪ್ಪಿಕೊಳ್ಳುತ್ತಾರೆ, ಅದಕ್ಕೂ ಸಮರ್ಥನೆಯುಂಟು. ಮಗು ನಾಳೆ ಬೆಳೆದು, ‘ನೀವು ಮಾಡಿದ್ದು ಸರಿ’ ಎಂದೋ ‘ತಪ್ಪು’ ಎಂದೋ ಹೇಳುವ ದಿನ ಬರುತ್ತದೆ. ನಾಯಿಗೆ ಆ ದಿನ ಬರುವುದೇ ಇಲ್ಲ. ಅದು ಪೆಟ್ಟಿಗೆಯೊಳಗೆ ಹೋಗುವುದು ಪೆಟ್ಟಿಗೆ ಏನೆಂದು ತಿಳಿದಲ್ಲ. ‘ಹೋಗು’ ಎಂದವನು ಯಾರೆಂದು ತಿಳಿದು. ಅದರ ಒಪ್ಪಿಗೆ ಪ್ರಯಾಣಕ್ಕೆ ಕೊಟ್ಟದ್ದಲ್ಲ, ನಮಗೆ ಕೊಟ್ಟದ್ದು. ಹೀಗೆ ಬರಹವಿಲ್ಲದೆ, ಷರತ್ತಿಲ್ಲದೆ ಕೊಟ್ಟ ಒಪ್ಪಿಗೆಯನ್ನು ಬಳಸುವವನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ನಾಯಿಯನ್ನು ಅಪಾಯಕ್ಕೆ ಒಡ್ಡುವುದು ಹೊಸದೇನೂ ಅಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಆತಕೂರಿನ ಶಾಸನದ ಕಲ್ಲನ್ನು ನೋಡಿರಬಹುದು. ಮಂಡ್ಯದ ಸೀಮೆಯ ಆ ಕಲ್ಲು ಕ್ರಿ. ಶ. 949–50ರದು. ಮಣಲೇರನೆಂಬ ವೀರ ತಕ್ಕೋಲದ ಕಾಳಗದಲ್ಲಿ ಮೆರೆದುದಕ್ಕೆ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಆತ ಕಾಳಿಗಾಗಿ ಕಲ್ಲು ನಿಲ್ಲಿಸಿದ, ಭೂಮಿ ಬಿಡಿಸಿದ, ಪೂಜಾರಿ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದ. ಸಾವಿರ ವರುಷದ ಮೇಲೂ ಆ ಕಲ್ಲಿನಲ್ಲಿ ನಾಯಿ ಹಂದಿಗೆ ಎದುರಾಗಿ ನಿಂತೇ ಇದೆ. ಇದನ್ನು ಕಂಡು, ‘ಆಗಲೂ ನಾಯಿಯನ್ನು ಸಾವಿನ ಬಾಯಿಗೆ ಬಿಡಲಿಲ್ಲವೆ? ಈಗೇನು ಹೊಸ ಕನಿಕರ?’ ಎಂದು ಕೇಳಬಹುದು. ವ್ಯತ್ಯಾಸವಿದೆ. ಕಾಳಿಗೆ ಹಂದಿ ಕಾಣುತ್ತಿತ್ತು. ಅದರ ವಾಸನೆ ಅದಕ್ಕೆ ಗೊತ್ತಿತ್ತು. ಎರಗುವುದೂ ಹಿಮ್ಮೆಟ್ಟುವುದೂ ಅದರ ಕಾಲಿನಲ್ಲೇ ಇತ್ತು. ಪೆಟ್ಟಿಗೆಯ ನಾಯಿಗೆ ಎದುರಾಳಿಯೇ ಇಲ್ಲ. ಕಚ್ಚುವುದಕ್ಕೆ ಏನೂ ಇಲ್ಲ, ಓಡುವುದಕ್ಕೆ ದಾರಿಯಿಲ್ಲ. ಅದರ ಹುಟ್ಟುಗುಣವೆಲ್ಲ ನಿರುಪಯುಕ್ತವಾಗುವ ಅಪಾಯ ಅದು. 1957ರ ನವೆಂಬರ್ 3ರಂದು ರಷ್ಯನರು ಸ್ಪುಟ್ನಿಕ್ ನೌಕೆಯಲ್ಲಿಟ್ಟು ಆಕಾಶಕ್ಕೆ ಹಾರಿಸಿದ ಲೈಕಾ ಕೂಡ ಇಂಥದೇ ಪೆಟ್ಟಿಗೆಯಲ್ಲಿ ಹೋಯಿತು. ಅದನ್ನು ಹಿಂದಕ್ಕೆ ತರುವ ಏರ್ಪಾಡೇ ಇರಲಿಲ್ಲ. ಹಲವು ದಿನ ಬದುಕಿತ್ತೆಂದು ಪ್ರಪಂಚ ನಂಬಿತ್ತು. ಏರಿದ ಕೆಲವೇ ಗಂಟೆಗಳಲ್ಲಿ ಸೆಕೆ ತಾಳಲಾರದೆ ಸತ್ತಿತೆಂಬ ನಿಜ ಹೊರಬಿದ್ದುದು 2002ರಲ್ಲಿ. ಅದನ್ನು ಪಳಗಿಸಿದವರಲ್ಲೊಬ್ಬರಾದ ವಿಜ್ಞಾನಿ ಗಾಜೆಂಕೊ ತಮ್ಮ ಮುಪ್ಪಿನಲ್ಲಿ, 1998ರಲ್ಲಿ, ಆ ಕೆಲಸಕ್ಕಾಗಿ ಬಹಿರಂಗವಾಗಿ ಮರುಗಿದರು. ಲೈಕಾ ಎಂದರೆ ಬೊಗಳುವಂಥದು ಎಂದು ಅರ್ಥವಂತೆ.

ಬೊಗಳುವ ಮಾತು ಬಂದುದರಿಂದ ಇನ್ನೊಂದು ಘಟನೆ. 2018ರ ಮಾರ್ಚ್ 12ರಂದು ಹ್ಯೂಸ್ಟನ್ನಿನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ತಾಯಿಯೊಬ್ಬಳು ತನ್ನ ಮಕ್ಕಳೊಡನೆ, ಚೀಲದಲ್ಲಿಟ್ಟ ಹತ್ತು ತಿಂಗಳ ಫ್ರೆಂಚ್ ಬುಲ್‌ಡಾಗ್ ಮರಿಯೊಂದನ್ನು ಕರೆದುಕೊಂಡು ಹತ್ತಿದಳು. ಅದಕ್ಕೆ ಚೀಟಿ ಕೊಂಡಿದ್ದರು. ಕಾಲಬುಡದಲ್ಲಿರಲು ಅದಕ್ಕೆ ಹಕ್ಕಿತ್ತು. ಚೀಲ ನಡೆಯುವ ದಾರಿಗೆ ಅಡ್ಡವಾಗುತ್ತದೆಂದು ಪರಿಚಾರಿಕೆ ಅದನ್ನು ತಲೆಯ ಮೇಲಿನ ಸಾಮಾನಿನ ಗೂಡಿನಲ್ಲಿ ಇರಿಸುವಂತೆ ಹೇಳಿದಳು. ಮರಿ ಒಳಗಿನಿಂದ ಬೊಗಳುತ್ತಿದ್ದುದನ್ನು ಸಹಪ್ರಯಾಣಿಕರು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಅದು ಸುಮ್ಮನಾಯಿತು. ಇಳಿದಾಗ ಸತ್ತಿತ್ತು. ಚೀಲದಲ್ಲಿ ನಾಯಿಯಿದ್ದುದು ಪರಿಚಾರಿಕೆಗೆ ತಿಳಿದಿರಲಿಲ್ಲವೆಂದು ಸಂಸ್ಥೆ ಹೇಳಿತು. ತಾನು ಹೇಳಿದ್ದೆನೆಂದು ಆ ಮನೆಯವರು ಹೇಳಿದರು. ಯಾರ ಮಾತು ನಿಜವೋ, ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆ ವಿಮಾನದಲ್ಲಿ ಕ್ರೂರಿಗಳು ಯಾರೂ ಇರಲಿಲ್ಲ. ದಾರಿ ತೆರವಾಗಿರಬೇಕೆಂದವಳು ತನ್ನ ಕೆಲಸ ಮಾಡಿದಳು. ಕೈಕೂಸಿನ ತಾಯಿ ಅಧಿಕಾರದ ಮಾತಿಗೆ ತಲೆಬಾಗಿದಳು. ಉಳಿದವರು ಇದು ತಮ್ಮ ಸಂಬಂಧವಲ್ಲವೆಂದು ಸಭ್ಯರಾಗಿ ಕುಳಿತರು. ನಾಯಿಯೊಂದು ಮಾತ್ರ ಹೇಳಬೇಕಾದುದನ್ನು ಹೇಳಿತು. ಅದರ ಭಾಷೆಯಲ್ಲಿ ಹೇಳಿತು. ಕೇಳಿದವರಿಗೆಲ್ಲ ಅದು ಸದ್ದಾಗಿ ಕೇಳಿತು, ದೂರಾಗಿ ಕೇಳಲಿಲ್ಲ. ಕ್ಷೇಮವೆಂಬುದು ಯಂತ್ರದ ಗುಣವೆಂದು ನಾವು ತಿಳಿದಿದ್ದೇವೆ. ಅರ್ಧಕ್ಕಿಂತ ಹೆಚ್ಚಾಗಿ ಅದು ಗಮನದ ಗುಣ. ಒಂದು ಜೀವಕ್ಕೂ ಒಂದು ಸಾಮಾನಿಗೂ ಇರುವ ಭೇದವನ್ನು ಕೈಯಿಂದ ಕೈಗೆ ದಾಟಿಸುತ್ತ ಹೋಗುವ ಗಮನ. ಆ ಸರಪಣಿಯಲ್ಲಿ ಒಂದು ಕೊಂಡಿ ಬಿಟ್ಟರೂ ಸಾಕು.

ಹಾಗಾದರೆ ನಾಯಿಯನ್ನು ಕರೆದೊಯ್ಯಲೇಬಾರದೆ? ಹಾಗೆ ತೀರ್ಪು ಕೊಡುವುದು ಸುಲಭ. ಆ ಸುಲಭವೇ ಅನುಮಾನಕ್ಕೆ ಕಾರಣ. ‘ವಿಮಾನದಲ್ಲಿ ಅಪಾಯವಂತೆ’ ಎಂಬ ಮಾತನ್ನೇ ನೆವ ಮಾಡಿಕೊಂಡು, ಎಂಟು ವರುಷ ಸಾಕಿದ ನಾಯಿಯನ್ನು ಯಾವುದೋ ಬಡಾವಣೆಯ ಮೂಲೆಯಲ್ಲಿ ಕಾರಿನಿಂದ ಇಳಿಸಿ ಹೋದವರಿದ್ದಾರೆ. ಹಿಂದೆ ಬಿಟ್ಟುಹೋಗುವುದು ಅಪಾಯವಿಲ್ಲದ ದಾರಿಯೆಂದು ಯಾರು ಹೇಳಿದರು? ಲೆಕ್ಕದ ಪುಸ್ತಕದಲ್ಲಿ ಅದು ಬರುವುದಿಲ್ಲ, ಅಷ್ಟೆ.

ನಮ್ಮ ನೆರೆಯ ಹಿರಿಯರೊಬ್ಬರ ಮನೆಯಲ್ಲಿ ಇದೇ ಚರ್ಚೆ ನಡೆಯಿತು. ಮಗ ಜರ್ಮನಿಯಲ್ಲಿ ನೆಲೆನಿಂತು, ಇಲ್ಲಿ ಬಿಟ್ಟುಹೋಗಿದ್ದ ಹನ್ನೊಂದು ವರುಷದ ಲ್ಯಾಬ್ರಡಾರನ್ನು ಕಳುಹಿಸಿ ಎಂದು ಬರೆದಿದ್ದ. ಹಿರಿಯರು ಕಾಗದಪತ್ರಗಳ ರಾಶಿ ಹರಡಿಕೊಂಡು ನನ್ನೆದುರು ಕುಳಿತಿದ್ದರು. ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ನಾಯಿಗೆ ಚರ್ಮದಡಿಯಲ್ಲಿ ಗುರುತಿನ ಚಿಪ್ಪಿರಬೇಕು. ಆಮೇಲೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಅದಾಗಿ ಮೂವತ್ತು ದಿನ ಕಳೆದ ಮೇಲೆ ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. “ನಾಲ್ಕು ತಿಂಗಳು ಸ್ವಾಮಿ! ಮನುಷ್ಯರಿಗೂ ಇಷ್ಟು ತೊಂದರೆಯಿಲ್ಲ. ಏನು ಮಾಡಲಿ, ನೀವೇ ಹೇಳಿ” ಎಂದರು. ನಾನು ಅಂಕಿ ಅಂಶಗಳನ್ನು ಹೇಳತೊಡಗಿದೆ. ಕಾಫಿ ತಂದಿಟ್ಟ ಅವರ ಮನೆಯವರು ಸ್ವಲ್ಪ ಹೊತ್ತು ಕೇಳಿ, “ಅದೆಲ್ಲ ಇರಲಿ ಅಂದ್ರೆ. ಅವನಿಗೆ ನಾಯಿ ಬೇಕೋ, ನಾಯಿಗೆ ಅವನು ಬೇಕೋ, ಮೊದಲು ಅದನ್ನು ಕೇಳಿ” ಎಂದರು. ನಾಯಿ ಆ ಹೊತ್ತಿಗೆ ಹಿರಿಯರ ಕುರ್ಚಿಯ ಕೆಳಗೆ, ಅವರ ಪಾದದ ಮೇಲೆ ಗದ್ದವೂರಿ ಮಲಗಿತ್ತು. ತಾಯಿ ಆ ಪ್ರಶ್ನೆಯನ್ನು ಮಗನಿಗೂ ಕೇಳಿದರು. ಒಂದು ವಾರದ ಮೇಲೆ ಅವನೇ, “ನನಗೇ ಬೇಕಾಗಿತ್ತು ಅಮ್ಮ. ಅಲ್ಲೇ ಇರಲಿ” ಎಂದನಂತೆ. ಅದೇ ಬೀದಿಯಲ್ಲಿ ಇನ್ನೊಂದು ಮನೆಯ ಎರಡು ವರುಷದ ನಾಯಿ, ಸಾಕಿದ ಹುಡುಗಿ ಪರದೇಶಕ್ಕೆ ಹೋದ ದಿನದಿಂದ ತಟ್ಟೆ ಮುಟ್ಟದೆ ಬಾಗಿಲು ಕಾಯುತ್ತಿತ್ತು. ಆ ಮನೆಯವರು ಅದನ್ನು ಕಳುಹಿಸಿದರು. ಸರಿಯಾಗಿಯೇ ಮಾಡಿದರು ಎಂದು ನನ್ನ ಎಣಿಕೆ. ಎರಡು ಮನೆಗೂ ಅಪಾಯದ ಲೆಕ್ಕ ಹೆಚ್ಚುಕಡಮೆ ಒಂದೇ, ಪ್ರಶ್ನೆಯೂ ಒಂದೇ. ಉತ್ತರ ಮಾತ್ರ ಬೇರೆ. ಏಕೆಂದರೆ ಉತ್ತರವಿದ್ದುದು ಪಟ್ಟಿಯಲ್ಲಲ್ಲ, ಆಯಾ ನಾಯಿಯಲ್ಲಿ.

ಕಳುಹಿಸುವುದೇ ಸರಿಯೆಂದು ತೋರಿದರೆ ಆ ನಾಲ್ಕು ತಿಂಗಳನ್ನು ಸರಕಾರದ ದಂಡವೆಂದು ಗೊಣಗಬೇಕಾಗಿಲ್ಲ. ಅಷ್ಟು ಕಾಲ ಪೆಟ್ಟಿಗೆಯನ್ನು ಮನೆಯ ಮೂಲೆಯಲ್ಲಿ ಬಾಗಿಲು ತೆರೆದಿಟ್ಟು, ಅದರಲ್ಲೇ ಊಟವಿಟ್ಟು, ಹಳೆಯ ಹಾಸು ಹಾಕಿದರೆ, ಹೊರಡುವ ದಿನಕ್ಕೆ ಅದು ಸೆರೆಮನೆಯಾಗಿರದೆ ಅದರ ಸ್ವಂತ ಗೂಡಾಗಿರುತ್ತದೆ. ಬೇಸಗೆಯ ಹಗಲನ್ನು ಬಿಟ್ಟು ರಾತ್ರಿಯ ವಿಮಾನವನ್ನು, ನಡುವೆ ಇಳಿಸಿ ಏರಿಸದ ನೇರ ವಿಮಾನವನ್ನು ಆರಿಸಿಕೊಳ್ಳಬಹುದು. ಹಣ ಹೆಚ್ಚಾದರೆ ಆಗಲಿ. ಮುದಿಯಾದುದನ್ನು, ಎದೆಗುಂದಿದುದನ್ನು, ಉಸಿರು ಸಾಲದ ಚಪ್ಪಟೆ ಮೂತಿಯದನ್ನು ಕಳುಹಿಸದಿರಬಹುದು. ಇವೆಲ್ಲ ದೊಡ್ಡ ತ್ಯಾಗಗಳಲ್ಲ. ಆದರೆ ನಮ್ಮ ಅನುಕೂಲವನ್ನು ಒಂದಿಷ್ಟು ಬಿಟ್ಟುಕೊಡದೆ ಇನ್ನೊಬ್ಬರ ಪರವಾಗಿ ಒಪ್ಪಿಗೆ ಹಾಕುವವನ ಸಹಿಗೆ ಬೆಲೆಯೇನು?

ನಾಯಿಗೂ ಆಕಾಶಯಾನಕ್ಕೂ ಸಂಬಂಧಿಸಿದ ಮಾತು ಬಂದಾಗ ಧರ್ಮರಾಯನ ನೆನಪು ಬಾರದಿರುವುದಿಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದುದರಿಂದ ಈ ಕಥೆ ಅವನಲ್ಲಿಲ್ಲ. ವ್ಯಾಸಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ, ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದ ನಾಯಿಯೊಂದೇ ಅವನ ಜೊತೆಗೆ ಉಳಿಯಿತು. ಇಂದ್ರ ರಥ ತಂದು, ಏರು ಎಂದ, ನಾಯಿಗೆ ಸ್ಥಳವಿಲ್ಲವೆಂದ. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟುಬಂದವನಿಗೆ ನಾಯಿಯನ್ನು ಬಿಡುವುದು ಕಷ್ಟವೆ ಎಂದು ಚುಚ್ಚಿದ. ಸತ್ತವರನ್ನು ಬದುಕಿಸಲಾರದೆ ಬಿಟ್ಟುಬಂದೆನೇ ಹೊರತು ಜೀವವಿರುವಾಗ ಬಿಡಲಿಲ್ಲ ಎಂಬುದು ಧರ್ಮರಾಯನ ಉತ್ತರ. ನಾಯಿಯೇ ಧರ್ಮದೇವತೆಯಾಗಿ ಕಾಣಿಸಿಕೊಂಡುದು ಆಮೇಲಿನ ಮಾತು. ಅದು ಅವನಿಗೆ ಮೊದಲೇ ತಿಳಿದಿದ್ದರೆ ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ.

ನಾವು ಈ ಕಥೆಯನ್ನು ನಾಯಿಯನ್ನು ಕರೆದುಕೊಂಡೇ ಹೋಗುವೆನೆಂದು ಹಟ ಹಿಡಿದವನ ಕಥೆಯೆಂದು ನೆನೆಯುತ್ತೇವೆ. ಸ್ವಲ್ಪ ನಿಧಾನವಾಗಿ ನೋಡಿದರೆ ಅದು ರಥವನ್ನು ಬಿಡಲು ಸಿದ್ಧನಾದವನ ಕಥೆ. ಎದುರಿಗೆ ಸ್ವರ್ಗದ ವಾಹನ ನಿಂತಿರುವಾಗ, ‘ಹಾಗಾದರೆ ನಾನೂ ಬರುವುದಿಲ್ಲ’ ಎಂಬ ಮೂರನೆಯ ದಾರಿಯೊಂದು ಅವನ ಕಣ್ಣಿಗೆ ಕಂಡಿತು. ನಮಗೆ ಕಾಣುವುದು ಸಾಮಾನ್ಯವಾಗಿ ಎರಡೇ: ಕಳುಹಿಸುವುದು, ಇಲ್ಲವೆ ಬಿಟ್ಟುಹೋಗುವುದು. ಎರಡರಲ್ಲಿಯೂ ನಮ್ಮ ಪ್ರಯಾಣ ಮಾತ್ರ ನಿಂತ ಜಾಗದಲ್ಲೇ ನಿಂತಿರುತ್ತದೆ, ಹೊಂದಿಕೊಳ್ಳಬೇಕಾದುದು ನಾಯಿ. ಹೊಟ್ಟೆಪಾಡಿಗಾಗಿ ದೇಶ ಬಿಡುವವರೆಲ್ಲ ಧರ್ಮರಾಯನಂತೆ ರಥವನ್ನು ಹಿಂದಕ್ಕೆ ಕಳುಹಿಸಲಿ ಎಂದರೆ ಅದು ಬರಿಯ ಉಪದೇಶವಾದೀತು. ಆದರೆ ನಾಲ್ಕು ತಿಂಗಳು ತಡವಾಗಿ ಹೊರಡುವುದು, ಬೇಸಗೆ ಕಳೆಯಲೆಂದು ಕಾಯುವುದು, ಮುದಿ ನಾಯಿಯ ಕೊನೆಯ ವರುಷ ಮುಗಿಯುವ ತನಕ ವರ್ಗಾವಣೆಯನ್ನು ಮುಂದಕ್ಕೆ ಹಾಕಿಸಲು ಆಗುತ್ತದೆಯೇ ಎಂದು ಒಮ್ಮೆ ಕೇಳಿ ನೋಡುವುದು, ಇವು ಮನುಷ್ಯಮಾತ್ರರಿಗೆ ಅಸಾಧ್ಯವಾದುವಲ್ಲ. ಆ ಮೂರನೆಯ ದಾರಿಯನ್ನು ಎಣಿಕೆಗೆ ತಂದುಕೊಂಡು, ಆಮೇಲೆ ಯಾವುದನ್ನು ಆರಿಸಿದರೂ ಅದಕ್ಕೆ ಆಯ್ಕೆಯೆಂಬ ಹೆಸರು ಸಲ್ಲುತ್ತದೆ. ಎಣಿಕೆಗೇ ತಾರದವನು, ನಾಯಿ ಸುಖವಾಗಿ ಹೋಗಿ ಇಳಿದರೂ, ತನ್ನ ಅದೃಷ್ಟ ಚೆನ್ನಾಗಿತ್ತೆಂದು ಮಾತ್ರ ಹೇಳಿಕೊಳ್ಳಬಹುದು.